ಓದುಗರ ಪ್ರಶ್ನೆ, ವೈದ್ಯರ ಉತ್ತರ: ಬಿಸಿನೀರಿನ ಬುಗ್ಗೆ, ಖನಿಜಜಲ ಮತ್ತು ನಮ್ಮ ಆರೋಗ್ಯ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ನೀರಿಗೆ ಸಂಬಂಧಿಸಿದವು. ಮಲೆನಾಡಿನ ರೆಸಾರ್ಟುಗಳಲ್ಲಿ ಸ್ಪಾ ಚಿಕಿತ್ಸೆಯ ಜಾಹೀರಾತು ಹೆಚ್ಚಾಗಿದೆ. ಉತ್ತರದ ಯಾತ್ರೆ ಮುಗಿಸಿ ಬಂದವರು ಅಲ್ಲಿನ ಬಿಸಿನೀರಿನ ಕುಂಡಗಳ ಗುಣವನ್ನು ಹೊಗಳುತ್ತಾರೆ. ಬಯಲುಸೀಮೆಯ ತಾಲ್ಲೂಕುಗಳವರಿಗೆ ತಮ್ಮ ಕೊಳವೆಬಾವಿಯ ನೀರು ಒಳ್ಳೆಯದೋ ಕೆಟ್ಟದ್ದೋ ಎಂಬ ಚಿಂತೆ. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪ್ರಶ್ನೆಗಳನ್ನು ಆರಿಸಿಕೊಂಡು ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ತಾಯಿಗೆ ಅರವತ್ತೆರಡು ವರ್ಷ. ತೋಟದ ಇಳಿಜಾರಿನಲ್ಲಿ ಹತ್ತಿ ಇಳಿದು ಎರಡೂ ಮಂಡಿಗಳು ಸವೆದಿವೆ ಎಂದು ಎಕ್ಸ್‌ರೇ ನೋಡಿದ ವೈದ್ಯರು ಹೇಳಿದ್ದಾರೆ. ಹಿಮಾಚಲದ ಮಣಿಕರಣ್ ಅಥವಾ ಮಹಾರಾಷ್ಟ್ರದ ವಜ್ರೇಶ್ವರಿಯ ಬಿಸಿನೀರಿನಲ್ಲಿ ಮಿಂದರೆ ನೋವು ಹೋಗುತ್ತದೆ ಎಂದು ನೆಂಟರು ಒತ್ತಾಯಿಸುತ್ತಿದ್ದಾರೆ. ಕರೆದುಕೊಂಡು ಹೋಗಲೇ? ನಮ್ಮ ಕಡೆಯೇ ಅಂತಹ ಬುಗ್ಗೆ ಇದೆಯೇ?
– ಓದುಗರು, ಸಕಲೇಶಪುರ

ಉತ್ತರ: ನಮ್ಮ ಎರಡು ಜಿಲ್ಲೆಗಳಲ್ಲಿ ಹೆಸರಾದ ಬಿಸಿನೀರಿನ ಬುಗ್ಗೆ ಇಲ್ಲ. ನಿಮಗೆ ಹತ್ತಿರದ್ದೆಂದರೆ ಘಟ್ಟದ ಕೆಳಗೆ, ಪುತ್ತೂರು ಸಮೀಪದ ಇರ್ದೆ ಗ್ರಾಮದಲ್ಲಿರುವ ಬೆಂದ್ರು ತೀರ್ಥ. ಮಳೆಯ ನೀರು ಬಂಡೆಗಳ ಬಿರುಕಿನಲ್ಲಿ ಬಹಳ ಆಳಕ್ಕೆ ಇಳಿದು, ಅಲ್ಲಿ ಕಾದು, ಮತ್ತೊಂದು ಬಿರುಕಿನ ಮೂಲಕ ಬೇಗನೆ ಮೇಲೆ ಬಂದಾಗ ಬಿಸಿನೀರಿನ ಬುಗ್ಗೆ ಉಂಟಾಗುತ್ತದೆ. ಭೂಮಿಯೊಳಗೆ ಒಂದು ಕಿಲೋಮೀಟರ್ ಇಳಿದಂತೆ ಉಷ್ಣತೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಏರುತ್ತದೆ. ಇಂತಹ ಬುಗ್ಗೆಗಳು ನಮ್ಮ ದೇಶದಲ್ಲಿ ಮುನ್ನೂರಕ್ಕೂ ಹೆಚ್ಚಿವೆ. ಮಣಿಕರಣ್‌ನಲ್ಲಿ ನೀರು ಅಕ್ಕಿ ಬೇಯಿಸುವಷ್ಟು ಬಿಸಿಯಾಗಿರುವುದರಿಂದ, ಸ್ನಾನಕ್ಕೆ ಅದನ್ನು ತಣಿಸಿದ ಕೊಳಗಳೇ ಇವೆ.

ಈಗ ಮಂಡಿಯ ವಿಷಯ. ಬಿಸಿನೀರಿನಲ್ಲಿ ಕುಳಿತಾಗ ನೋವು ಕಡಿಮೆಯಾಗುವುದು ನಿಜ. ಅದು ಕೇವಲ ನಂಬಿಕೆಯ ಮಾತಲ್ಲ. ಶಾಖದಿಂದ ಚರ್ಮದ ಮತ್ತು ಸ್ನಾಯುಗಳ ರಕ್ತನಾಳಗಳು ಹಿಗ್ಗುತ್ತವೆ, ಬಿಗಿದ ಸ್ನಾಯುಗಳು ಸಡಿಲಗೊಳ್ಳುತ್ತವೆ, ನೋವಿನ ಸಂವೇದನೆ ಸ್ವಲ್ಪ ಮಂಕಾಗುತ್ತದೆ. ಇದಕ್ಕಿಂತ ಮುಖ್ಯವಾದ ಸಂಗತಿಯೆಂದರೆ ನೀರು ದೇಹವನ್ನು ಎತ್ತಿ ಹಿಡಿಯುತ್ತದೆ. ಸೊಂಟದ ಮಟ್ಟದ ನೀರಿನಲ್ಲಿ ನಿಂತವರ ಕಾಲುಗಳ ಮೇಲೆ ಬೀಳುವುದು ದೇಹದ ತೂಕದ ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ. ಕತ್ತಿನವರೆಗೆ ಮುಳುಗಿದರೆ ಅದು ಹತ್ತರಲ್ಲಿ ಒಂದು ಪಾಲಿನ ಆಸುಪಾಸಿಗೆ ಇಳಿಯುತ್ತದೆ. ನೆಲದ ಮೇಲೆ ಎರಡು ಹೆಜ್ಜೆ ಇಡಲು ನರಳುವವರು ಎದೆಮಟ್ಟದ ಬೆಚ್ಚನೆಯ ನೀರಿನಲ್ಲಿ ಹತ್ತು ನಿಮಿಷ ನಡೆಯಬಲ್ಲರು. ಆ ನಡಿಗೆಯೇ ತೊಡೆಯ ಸ್ನಾಯುಗಳಿಗೆ ಬಲ ಕೊಡುತ್ತದೆ. ಮಂಡಿ ಮತ್ತು ಸೊಂಟದ ಕೀಲುಗಳ ಸವೆತ ಇರುವವರಲ್ಲಿ ನೀರಿನೊಳಗಿನ ವ್ಯಾಯಾಮವನ್ನು ಕುರಿತು ನಡೆದ 13 ಪ್ರಯೋಗಗಳನ್ನು 2016ರಲ್ಲಿ, ಚಿಕಿತ್ಸೆಗಳ ಪುರಾವೆಯನ್ನು ಪರಿಶೀಲಿಸುವ ಕೊಕ್ರೇನ್ ಸಂಸ್ಥೆಯ ವಿಮರ್ಶಕರು ಒಟ್ಟುಗೂಡಿಸಿ ನೋಡಿದಾಗ, ನೋವು ಮತ್ತು ಓಡಾಟದಲ್ಲಿ ಸಣ್ಣದಾದರೂ ಗುರುತಿಸಬಹುದಾದ ಸುಧಾರಣೆ ಕಂಡುಬಂದಿತು. ಆದರೆ ಅದು ಅಲ್ಪಾವಧಿಯದ್ದು. ಸಂಧಿವಾತದ ಇನ್ನೊಂದು ಬಗೆಯಾದ ರುಮಟಾಯ್ಡ್ ಕಾಯಿಲೆಯಲ್ಲಿ ಖನಿಜಜಲದ ಸ್ನಾನ ಉಪಯುಕ್ತವೆಂದು ಹೇಳಲು ಸಾಕಷ್ಟು ಪುರಾವೆ ಇಲ್ಲವೆಂದು ಅದೇ ಸಂಸ್ಥೆಯ 2015ರ ವಿಮರ್ಶೆ ತಿಳಿಸಿದೆ.

ಹೀಗಿರುವಾಗ ಯುರೋಪಿನವರು ಈ ಚಿಕಿತ್ಸೆಯನ್ನು ಏಕೆ ಅಷ್ಟು ಗಂಭೀರವಾಗಿ ಪರಿಗಣಿಸುತ್ತಾರೆ ಎಂದು ನೀವು ಕೇಳಬಹುದು. ಜೆಕ್ ದೇಶದ ಕಾರ್ಲೋವಿ ವಾರಿ, ಫ್ರಾನ್ಸಿನ ವಿಶಿ, ಇಂಗ್ಲೆಂಡಿನ ಬಾತ್ ಸೇರಿದಂತೆ ಏಳು ದೇಶಗಳ 11 ಊರುಗಳನ್ನು ಯುನೆಸ್ಕೊ 2021ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಫ್ರಾನ್ಸಿನಲ್ಲಿ ವೈದ್ಯರು ಬರೆದುಕೊಟ್ಟರೆ ಬುಗ್ಗೆನೀರಿನ ಚಿಕಿತ್ಸೆಯ ವೆಚ್ಚದ ಒಂದು ಭಾಗವನ್ನು ಸರ್ಕಾರಿ ಆರೋಗ್ಯ ವಿಮೆಯೇ ಭರಿಸುತ್ತದೆ. ಆದರೆ ಆ ಚಿಕಿತ್ಸೆ ಒಂದು ಮುಳುಗು ಹಾಕಿ ಬರುವುದಲ್ಲ, 18 ದಿನಗಳದ್ದು. ಪ್ರತಿದಿನ ನಿಗದಿತ ಹೊತ್ತಿಗೆ ಸ್ನಾನ, ನೀರಿನಲ್ಲಿ ವ್ಯಾಯಾಮ, ಮಾಲೀಸು, ವಿಶ್ರಾಂತಿ ಇರುತ್ತವೆ. ಮನೆಗೆಲಸದಿಂದ ಬಿಡುವು ಸಿಗುತ್ತದೆ. ಗುಣ ಕಂಡುಬರುವುದು ಇವೆಲ್ಲ ಕೂಡಿದಾಗ, ಮತ್ತು ಬಿಡದೆ ಮಾಡಿದಾಗ. ಸಕಲೇಶಪುರದಿಂದ ಹಿಮಾಚಲದವರೆಗೆ ದಿನಗಟ್ಟಲೆ ಪ್ರಯಾಣ ಮಾಡಿಸಿ, ಮೆಟ್ಟಿಲು ಹತ್ತಿಸಿ ಇಳಿಸಿ, ಕಾಲು ಗಂಟೆ ನೀರಿನಲ್ಲಿ ಕೂರಿಸಿ ಕರೆತಂದರೆ ನಿಮ್ಮ ತಾಯಿಯವರ ಮಂಡಿಗೆ ಪ್ರಯಾಣದ ಆಯಾಸವೇ ಹೆಚ್ಚು ತಟ್ಟೀತು. ದೇವರ ದರ್ಶನಕ್ಕೆಂದು ಅವರಿಗೆ ಹೋಗುವ ಆಸೆಯಿದ್ದರೆ ಖಂಡಿತ ಕರೆದೊಯ್ಯಿರಿ. ಮಂಡಿಯ ಚಿಕಿತ್ಸೆಯೆಂದು ಬೇಡ.

ಮನೆಯಲ್ಲಿ ಮಾಡಬಹುದಾದದ್ದು ಬಹಳ ಇದೆ. ಆಯುರ್ವೇದ ಹೇಳುವ ಹದಿಮೂರು ಬಗೆಯ ಸ್ವೇದನಗಳಲ್ಲಿ, ಅಂದರೆ ಬೆವರಿಳಿಸುವ ಚಿಕಿತ್ಸೆಗಳಲ್ಲಿ, ಬಿಸಿ ದ್ರವದಲ್ಲಿ ಮುಳುಗಿ ಕೂರುವ ಅವಗಾಹವೂ ಒಂದು. ನಮ್ಮ ಮಲೆನಾಡಿನ ಬಚ್ಚಲಿನ ಹಂಡೆ ಮತ್ತು ಎಣ್ಣೆಸ್ನಾನಗಳ ಹಿಂದಿರುವ ತಿಳಿವಳಿಕೆಯೂ ಅದೇ. ಹಂಡೆಯ ನೀರನ್ನು 38ರಿಂದ 40 ಡಿಗ್ರಿಗೆ, ಅಂದರೆ ಮೊಣಕೈ ಅದ್ದಿದರೆ ಹಿತವೆನಿಸುವಷ್ಟಕ್ಕೆ ಹದಮಾಡಿ, ಮಂಡಿಗಳಿಗೆ ಹದಿನೈದು ನಿಮಿಷ ಹೊಯ್ಯಬಹುದು, ಇಲ್ಲವೇ ಅದೇ ನೀರಿನಲ್ಲಿ ಹಿಂಡಿದ ದಪ್ಪ ಟವೆಲ್ಲನ್ನು ಸುತ್ತಬಹುದು. ಶಾಖ ಕೊಟ್ಟ ಕೂಡಲೇ, ಸ್ನಾಯು ಸಡಿಲವಾಗಿರುವಾಗಲೇ, ಕುರ್ಚಿಯ ಮೇಲೆ ಕುಳಿತು ಒಂದೊಂದೇ ಕಾಲನ್ನು ನೇರವಾಗಿ ಚಾಚಿ ಹಿಡಿಯುವ ವ್ಯಾಯಾಮವನ್ನು ಮಾಡಿಸಿ. ಶಾಖ ಮಾತ್ರ ಕೊಟ್ಟು ವ್ಯಾಯಾಮ ಬಿಟ್ಟರೆ ಅರ್ಧ ಪ್ರಯೋಜನ ಕಳೆದಂತೆ. ಅವರ ತೂಕ ಹೆಚ್ಚಿದ್ದರೆ ಅದನ್ನು ಇಳಿಸುವ ಕಡೆಗೂ ಗಮನವಿರಲಿ. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಯಾವ ಬುಗ್ಗೆಯ ನೀರಿಗೂ ಈ ಶಕ್ತಿ ಇಲ್ಲ.

ಪ್ರಶ್ನೆ: ಇಲ್ಲಿನ ಒಂದು ರೆಸಾರ್ಟಿನ ಸ್ಪಾದಲ್ಲಿ ಖನಿಜ ಲವಣಗಳನ್ನು ಬೆರೆಸಿದ ನೀರಿನಲ್ಲಿ ಕೂರಿಸುತ್ತಾರೆ. ಲವಣಗಳು ಚರ್ಮದ ಮೂಲಕ ಒಳಸೇರಿ ದೇಹದ ವಿಷವನ್ನೆಲ್ಲ ಹೊರಹಾಕುತ್ತವೆ ಎನ್ನುತ್ತಾರೆ. ಇದು ಸರಿಯೇ?
– ಓದುಗರು, ಚಿಕ್ಕಮಗಳೂರು

ಉತ್ತರ: ಸರಿಯಲ್ಲ. ಚರ್ಮದ ಹೊರಪದರ ಇರುವುದೇ ಹೊರಗಿನದನ್ನು ಹೊರಗೆ ತಡೆಯುವುದಕ್ಕಾಗಿ. ಗಾಯವಿಲ್ಲದ ಚರ್ಮದ ಮೂಲಕ ಮೆಗ್ನೀಸಿಯಂನಂತಹ ಲವಣಗಳು ಒಳಹೋಗುವ ಪ್ರಮಾಣ ತೀರ ಅತ್ಯಲ್ಪ. ಇಂಗಾಲದ ಡೈಆಕ್ಸೈಡ್‌ನಂತಹ ಅನಿಲ ಕರಗಿರುವ ನೀರಿನಲ್ಲಿ ಆ ಅನಿಲ ಚರ್ಮವನ್ನು ದಾಟಿ ಅಲ್ಲಿನ ರಕ್ತನಾಳಗಳನ್ನು ಹಿಗ್ಗಿಸುವುದುಂಟು. ಉಪ್ಪು ಬೆರೆಸಿದ ತೊಟ್ಟಿಗೆ ಈ ಮಾತು ಅನ್ವಯಿಸುವುದಿಲ್ಲ. ದೇಹದ ಕಶ್ಮಲಗಳನ್ನು ಹೊರಹಾಕುವ ಕೆಲಸ ಯಕೃತ್ತು ಮತ್ತು ಮೂತ್ರಪಿಂಡಗಳದ್ದು. ಬೆವರೆಂದರೆ ಮುಖ್ಯವಾಗಿ ನೀರು ಮತ್ತು ಉಪ್ಪು. ದೇಹವನ್ನು ತಣಿಸುವುದು ಅದರ ಕೆಲಸ.

ಖನಿಜದ ಹೆಸರಿನಲ್ಲಿ ಏನನ್ನು ಬೇಕಾದರೂ ಮಾರಬಹುದೆಂಬುದಕ್ಕೆ ಇತಿಹಾಸದಲ್ಲೇ ಸಾಕ್ಷಿಯಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೆಲವು ಬುಗ್ಗೆಗಳ ನೀರಿನಲ್ಲಿ ವಿಕಿರಣವಿರುವುದು ಪತ್ತೆಯಾದಾಗ, ಗುಣ ಕೊಡುವುದು ಅದೇ ಇರಬೇಕೆಂದು ನಂಬಿ, ಅಮೆರಿಕದಲ್ಲಿ ರೇಡಿಯಂ ಬೆರೆಸಿದ ನೀರನ್ನೇ ಸೀಸೆಗಳಲ್ಲಿ ಮಾರಿದರು. ಅದನ್ನು ನಿತ್ಯ ಕುಡಿದ ಎಬೆನ್ ಬೈಯರ್ಸ್ ಎಂಬ ಶ್ರೀಮಂತ ಉದ್ಯಮಿ ದವಡೆಯ ಮೂಳೆ ಕರಗಿ 1932ರಲ್ಲಿ ತೀರಿಕೊಂಡರು.

ಇಷ್ಟು ಹೇಳಿದ ಮಾತ್ರಕ್ಕೆ ಸ್ಪಾಗೆ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಬೆಚ್ಚನೆಯ ನೀರು, ನುರಿತ ಕೈಗಳ ಮಾಲೀಸು, ಒಂದು ಗಂಟೆ ಫೋನಿನ ಕಾಟವಿಲ್ಲದ ವಿಶ್ರಾಂತಿ – ಇವು ದಣಿದ ದೇಹಕ್ಕೆ ಹಿತವನ್ನೇ ಮಾಡುತ್ತವೆ, ನಿದ್ರೆಯನ್ನೂ ತರುತ್ತವೆ. ಹಣ ಕೊಡುವ ಮೊದಲು ನೀರು ಎಲ್ಲಿಂದ ಬರುತ್ತದೆ, ಎಷ್ಟು ಬಿಸಿಯಿರುತ್ತದೆ, ಒಬ್ಬರ ನಂತರ ಬದಲಾಯಿಸುತ್ತಾರೆಯೇ, ಕ್ಲೋರಿನ್ ಹಾಕುತ್ತಾರೆಯೇ ಎಂದು ಕೇಳಿ. ಜಪಾನಿನ 1948ರ ಬುಗ್ಗೆನೀರಿನ ಕಾನೂನಿನ ಪ್ರಕಾರ, ಬುಗ್ಗೆಯೆಂದು ಕರೆಯಬೇಕಾದರೆ ನೀರು ಮೂಲದಲ್ಲೇ 25 ಡಿಗ್ರಿ ಇರಬೇಕು ಇಲ್ಲವೇ ಗೊತ್ತುಪಡಿಸಿದ 19 ವಸ್ತುಗಳಲ್ಲಿ ಒಂದಾದರೂ ನಿಗದಿತ ಪ್ರಮಾಣದಲ್ಲಿರಬೇಕು. ನೀರಿನ ವಿಶ್ಲೇಷಣೆಯನ್ನು ಸ್ನಾನಗೃಹದಲ್ಲಿ ತೂಗುಹಾಕಿರುತ್ತಾರೆ. ಅಂತಹ ವರದಿಯನ್ನು ಕೇಳುವ ಹಕ್ಕು ನಿಮಗೂ ಇದೆಯೆಂದು ತಿಳಿದು ಧೈರ್ಯವಾಗಿ ಕೇಳಿ.

ಪ್ರಶ್ನೆ: ನಮ್ಮ ಕೊಳವೆಬಾವಿಯ ನೀರು ಬಹಳ ಗಡಸು. ಅದರಲ್ಲಿ ಖನಿಜಾಂಶ ಹೆಚ್ಚಿರುವುದರಿಂದ ಮೂಳೆಗೆ ಒಳ್ಳೆಯದೆಂದು ನಮ್ಮ ಮಾವನವರು ಅದನ್ನೇ ಕುಡಿಯಬೇಕೆನ್ನುತ್ತಾರೆ. ಆದರೆ ಒಂಬತ್ತು ವರ್ಷದ ಮಗನ ಹಲ್ಲುಗಳಲ್ಲಿ ಕಂದು ಗೆರೆಗಳು ಕಾಣುತ್ತಿವೆ. ಏನು ಮಾಡಲಿ?
– ಓದುಗರು, ಅರಸೀಕೆರೆ ತಾಲ್ಲೂಕು

ಉತ್ತರ: ಈ ಬಾರಿಯ ಪತ್ರಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ನಿಮ್ಮದು, ತಾಯಿ. ಮಾವನವರ ಮಾತಿನಲ್ಲಿ ಅರ್ಧ ಸತ್ಯವಿದೆ. ನೀರನ್ನು ಗಡಸಾಗಿಸುವುದು ಮುಖ್ಯವಾಗಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಇವೆರಡೂ ದೇಹಕ್ಕೆ ಬೇಕಾದವು, ನೀರಿನಲ್ಲಿರುವ ಕ್ಯಾಲ್ಸಿಯಂ ಅನ್ನು ದೇಹ ಹಾಲಿನಲ್ಲಿರುವುದರಂತೆಯೇ ಚೆನ್ನಾಗಿ ಹೀರಿಕೊಳ್ಳುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರುವುದು ಉತ್ತಮ, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಬೇಳೆ ಬೇಯದಿರುವುದು, ಸಾಬೂನು ನೊರೆ ಬಾರದಿರುವುದು ಕಿರಿಕಿರಿಯೇ ಹೊರತು ಕಾಯಿಲೆಯಲ್ಲ.

ಆದರೆ ಅರಸೀಕೆರೆ, ಕಡೂರು ಭಾಗದ ಆಳದ ಕೊಳವೆಬಾವಿಗಳಲ್ಲಿ ಕ್ಯಾಲ್ಸಿಯಂ ಜೊತೆಗೆ ಫ್ಲೋರೈಡ್ ಕೂಡ ಬರುವುದುಂಟು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಂದಲೂ ಗೊತ್ತಾಗುವುದಿಲ್ಲ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಹೆಚ್ಚೆಂದರೆ 1.5. ಅದನ್ನು ಮೀರಿದ ನೀರನ್ನು, ಹಲ್ಲಿನ ಕವಚ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದವರೆಗೆ ಕುಡಿದ ಮಕ್ಕಳ ಹಲ್ಲುಗಳಲ್ಲಿ ಬಿಳಿ ಮಚ್ಚೆ ಅಥವಾ ಕಂದು ಗೆರೆ ಮೂಡುತ್ತದೆ. ಮಗನ ಹಲ್ಲಿನ ಗೆರೆಗಳು ಇದರಿಂದಲೇ ಬಂದಿರುವ ಸಾಧ್ಯತೆಯಿದೆ. ದಂತವೈದ್ಯರು ನೋಡಿದರೆ ಖಚಿತವಾಗಿ ಹೇಳಬಲ್ಲರು. ಇನ್ನೂ ಹೆಚ್ಚು ಪ್ರಮಾಣದ ಫ್ಲೋರೈಡನ್ನು ವರ್ಷಗಟ್ಟಲೆ ಕುಡಿದ ಹಿರಿಯರಲ್ಲಿ ಮೂಳೆಗಳು ಗಟ್ಟಿಯಾದಂತೆ ತೋರಿದರೂ ಒಳಗೆ ಪೆಡಸಾಗುತ್ತವೆ. ಬೆನ್ನು ಬಗ್ಗಿಸಲಾಗದೆ, ಕತ್ತು ತಿರುಗಿಸಲಾಗದೆ ಕಷ್ಟಪಡುತ್ತಾರೆ. ಮೂಳೆಗೆ ಒಳ್ಳೆಯದೆಂದು ಕುಡಿದ ನೀರು ಮೂಳೆಯನ್ನೇ ಕೆಡಿಸುವುದು ಹೀಗೆ.

ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಂತೆ ಉಳಿದದ್ದರಲ್ಲಿ ಇನ್ನಷ್ಟು ಸಾಂದ್ರವಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ, ಮಡಕೆಯಲ್ಲಿಟ್ಟರೂ ಹೋಗುವುದಿಲ್ಲ. ನಾಳೆಯೇ ಒಂದು ಸ್ವಚ್ಛ ಬಾಟಲಿಯಲ್ಲಿ ನೀರನ್ನು ತೆಗೆದುಕೊಂಡು ಜಿಲ್ಲಾ ಕೇಂದ್ರದ ನೀರು ಪರೀಕ್ಷೆಯ ಪ್ರಯೋಗಾಲಯಕ್ಕೆ ಕೊಡಿ. ಗ್ರಾಮ ಪಂಚಾಯಿತಿಯಲ್ಲಿ ಕೇಳಿದರೆ ದಾರಿ ತೋರಿಸುತ್ತಾರೆ. ವರದಿ ಬರುವವರೆಗೆ ಕುಡಿಯಲು ಮತ್ತು ಅಡುಗೆಗೆ ನದಿಮೂಲದ ನಲ್ಲಿ ನೀರನ್ನು, ಅದು ಇಲ್ಲದಿದ್ದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನು ಬಳಸಿ. ನೀರನ್ನು ಸೂಕ್ಷ್ಮ ಪೊರೆಯ ಮೂಲಕ ಒತ್ತಿ ಶುದ್ಧೀಕರಿಸುವ ಆರ್‌ಒ ವಿಧಾನ ಫ್ಲೋರೈಡನ್ನು ತೆಗೆಯುತ್ತದೆ. ಅದರ ಜೊತೆಗೆ ಕ್ಯಾಲ್ಸಿಯಂ ಕೂಡ ಹೋಗುತ್ತದೆಂದು ಮಾವನವರು ಆಕ್ಷೇಪಿಸಿದರೆ, ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆಯೆಂದು ತಿಳಿಸಿ. ನಿಮ್ಮ ಮನೆಯಲ್ಲಿ ದಿನವೂ ಮುದ್ದೆ, ಮಜ್ಜಿಗೆ ಇದ್ದರೆ ನೀರಿನಿಂದ ಅದನ್ನು ಪಡೆಯುವ ಅಗತ್ಯವೇ ಇಲ್ಲ. ಸ್ನಾನಕ್ಕೆ, ಬಟ್ಟೆಗೆ ಕೊಳವೆಬಾವಿಯ ನೀರನ್ನೇ ಬಳಸಬಹುದು, ಅದರಿಂದ ಅಪಾಯವಿಲ್ಲ. ಮನೆಯಲ್ಲಿ ಇನ್ನೂ ಚಿಕ್ಕ ಮಕ್ಕಳಿದ್ದರೆ ದಯವಿಟ್ಟು ಇದನ್ನು ಮುಂದೂಡಬೇಡಿ.

ಪ್ರಶ್ನೆ: ನಮ್ಮ ಮನೆಗೆ ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ನೀರು ಬರುತ್ತದೆ. ಅಂಗಡಿಯ ಮಿನರಲ್ ವಾಟರ್‌ಗಿಂತ ಇದೇ ಶ್ರೇಷ್ಠ ಎಂದು ನಮ್ಮ ನಂಬಿಕೆ. ಈಗ ಮಗ ಆರ್‌ಒ ಯಂತ್ರ ಹಾಕಿಸಬೇಕೆನ್ನುತ್ತಾನೆ.
– ಓದುಗರು, ಮೂಡಿಗೆರೆ ತಾಲ್ಲೂಕು

ಉತ್ತರ: ಮಗನಿಗೆ ಆ ಖರ್ಚು ಬೇಡವೆಂದು ಹೇಳಿ. ಆರ್‌ಒ ಇರುವುದು ಲವಣಾಂಶ ಹೆಚ್ಚಿರುವ ನೀರಿಗೆ. ನೀರಿನಲ್ಲಿ ಕರಗಿದ ಒಟ್ಟು ಲವಣ ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆಯಿರುವ ಕಡೆ ಆರ್‌ಒ ಬಳಕೆಯನ್ನು ನಿರ್ಬಂಧಿಸುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಸೂಚಿಸಿತ್ತು. ಮಳೆ ಸುರಿದು ಸುರಿದು ತೊಳೆದ ಘಟ್ಟದ ನೆಲದಿಂದ ಬರುವ ಅಬ್ಬಿಯ ನೀರಿನಲ್ಲಿ ಲವಣ ಸಾಮಾನ್ಯವಾಗಿ ಅದಕ್ಕಿಂತ ಬಹಳ ಕಡಿಮೆ. ಆದ್ದರಿಂದಲೇ ಗುಡ್ಡದ ನೀರು ಖನಿಜಗಳಿಂದ ತುಂಬಿದೆ ಎಂಬ ಮಾತೂ ಸರಿಯಲ್ಲ. ಜೋರು ಮಳೆಯ ಬೆಟ್ಟಪ್ರದೇಶಗಳಲ್ಲಿ ಮಣ್ಣಿನ ಅಯೋಡಿನ್ ಕೂಡ ಕೊಚ್ಚಿಹೋಗುತ್ತದೆ; ಗಳಗಂಡ ಅಂತಹ ಪ್ರದೇಶಗಳ ಹಳೆಯ ಕಾಯಿಲೆ. ಅಡುಗೆಗೆ ಅಯೋಡಿನ್ ಬೆರೆತ ಉಪ್ಪನ್ನೇ ಬಳಸಿ.

ಅಬ್ಬಿಯ ನೀರಿನ ನಿಜವಾದ ತೊಂದರೆ ಸೂಕ್ಷ್ಮಜೀವಿಗಳದ್ದು. ಮೇಲೆ ದನ, ಕಾಡುಪ್ರಾಣಿಗಳು ಓಡಾಡುತ್ತವೆ, ಮಳೆಗಾಲದಲ್ಲಿ ಎಲ್ಲವೂ ತೊಳೆದು ಬರುತ್ತದೆ. ಕುದಿಸಿ ಆರಿಸಿದರೆ ಸಾಕು. ಮೇಲ್ಭಾಗದಲ್ಲಿ ತೋಟಗಳಿದ್ದು ಔಷಧಿ ಸಿಂಪಡಿಸುತ್ತಿದ್ದರೆ ಮಾತ್ರ ಕುದಿಸುವುದು ಸಾಲದು. ನೀರು ಹಿಡಿಯುವ ಜಾಗವನ್ನೇ ತೋಟದ ಮೇಲಕ್ಕೆ ಬದಲಾಯಿಸಬೇಕು. ಅಂಗಡಿಯ ಬಾಟಲಿಯ ಬಗ್ಗೆಯೂ ಒಂದು ಮಾತು: ಐಎಸ್ಐ ಮುದ್ರೆಯ ಬಳಿ ಐಎಸ್ 14543 ಎಂದಿದ್ದರೆ ಅದು ಶುದ್ಧೀಕರಿಸಿ ತುಂಬಿದ ಸಾಧಾರಣ ಕುಡಿಯುವ ನೀರು, ಐಎಸ್ 13428 ಎಂದಿದ್ದರೆ ಮಾತ್ರ ನೈಸರ್ಗಿಕ ಖನಿಜಜಲ. ಬಸ್‌ನಿಲ್ದಾಣಗಳಲ್ಲಿ ಸಿಗುವುದರಲ್ಲಿ ಬಹುಪಾಲು ಮೊದಲನೆಯದೇ.

ಪ್ರಶ್ನೆ: ಗಡಸು ನೀರು ಕುಡಿದರೆ ಕಿಡ್ನಿಯಲ್ಲಿ ಕಲ್ಲಾಗುತ್ತದೆಯೇ?
– ಓದುಗರು, ಕಡೂರು

ಉತ್ತರ: ಗಡಸು ನೀರಿಗಿಂತ ನೀರು ಕಡಿಮೆ ಕುಡಿಯುವುದೇ ಕಲ್ಲಾಗಲು ದೊಡ್ಡ ಕಾರಣ. ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಬೇಕು. ಬಿಸಿಲಿನಲ್ಲಿ ಹೊಲದ ಕೆಲಸ ಮಾಡುವವರು ಇನ್ನೂ ಹೆಚ್ಚು. ಊಟದ ಜೊತೆಗಿನ ಕ್ಯಾಲ್ಸಿಯಂ ಕಲ್ಲಿಗೆ ಕಾರಣವಾಗುವ ಆಕ್ಸಲೇಟ್ ಎಂಬ ವಸ್ತುವನ್ನು ಕರುಳಿನಲ್ಲೇ ಹಿಡಿದಿಟ್ಟು ಹೊರಗೆ ಕಳಿಸುವುದರಿಂದ ಕಲ್ಲಿನ ಭಯಕ್ಕೆ ಹಾಲು, ಮಜ್ಜಿಗೆ ಬಿಡುವುದು ತಪ್ಪು. ಉಪ್ಪನ್ನು ಕಡಿಮೆ ಮಾಡಿ.

ಪ್ರಶ್ನೆ: ನನಗೆ ಏಳೆಂಟು ವರ್ಷಗಳಿಂದ ಸೋರಿಯಾಸಿಸ್. ಗಂಧಕದ ಬುಗ್ಗೆಯಲ್ಲಿ ಸ್ನಾನ ಮಾಡಿದರೆ ವಾಸಿಯಾಗುತ್ತದೆ ಎನ್ನುತ್ತಾರೆ.
– ಓದುಗರು, ಬೇಲೂರು

ಉತ್ತರ: ಪೂರ್ತಿ ವಾಸಿಯಾಗುವುದಿಲ್ಲ, ಹತೋಟಿಗೆ ಬರಬಹುದು. ಗಂಧಕ ಚರ್ಮದ ಹೊಪ್ಪಳೆಗಳನ್ನು ಮೃದುಗೊಳಿಸುತ್ತದೆ. ಖನಿಜಜಲದ ಸ್ನಾನಕ್ಕೆ ತಕ್ಕಮಟ್ಟಿಗೆ ಪುರಾವೆಯಿರುವ ಚರ್ಮರೋಗಗಳಲ್ಲಿ ಇದೂ ಒಂದು. ಮೃತ ಸಮುದ್ರದ ದಡದಲ್ಲಿ, ಸಾಮಾನ್ಯ ಕಡಲಿಗಿಂತ ಸುಮಾರು ಹತ್ತುಪಟ್ಟು ಉಪ್ಪಾದ ನೀರಿನಲ್ಲಿ ಮಿಂದು ಬಿಸಿಲು ಕಾಯಿಸಿಕೊಳ್ಳುವ ರೋಗಿಗಳಲ್ಲಿ ಮಚ್ಚೆಗಳು ಇಳಿಯುತ್ತವೆ. ಆದರೆ ಅಲ್ಲಿ ಬಿಸಿಲಿನ ನೇರಳಾತೀತ ಕಿರಣದ ಪಾತ್ರವೇ ದೊಡ್ಡದು. ಅದೇ ಕಿರಣವನ್ನು ಅಳತೆಗೆ ತಕ್ಕಂತೆ ಕೊಡುವ ಚಿಕಿತ್ಸೆ ಚರ್ಮವೈದ್ಯರ ಬಳಿ ಲಭ್ಯವಿದೆ. ಮೊದಲು ಅದನ್ನು ವಿಚಾರಿಸಿ. ಮನೆಯಲ್ಲಿ ಉಗುರುಬೆಚ್ಚಗಿನ ನೀರಿನಲ್ಲಿ ಮಿಂದು, ಮೈ ಹಸಿಯಿರುವಾಗಲೇ ಕೊಬ್ಬರಿ ಎಣ್ಣೆ ಅಥವಾ ವೈದ್ಯರು ಕೊಟ್ಟ ಮುಲಾಮನ್ನು ಸವರಿ. ಸುಡುವ ನೀರು ಬೇಡ, ತುರಿಕೆ ಹೆಚ್ಚುತ್ತದೆ. ಈ ಕಾಯಿಲೆ ಅಂಟುವಂಥದ್ದಲ್ಲ ಎಂಬುದನ್ನು ಮನೆಯವರಿಗೂ ನೆರೆಯವರಿಗೂ ತಿಳಿಸಿ. ಅದರಿಂದ ನಿಮ್ಮ ಮನಸ್ಸಿಗೆ ಸಿಗುವ ನೆಮ್ಮದಿಯೂ ಚಿಕಿತ್ಸೆಯ ಭಾಗವೇ.

ಪ್ರಶ್ನೆ: ಅಪ್ಪನನ್ನು ಬದರಿಗೆ ಕರೆದೊಯ್ಯುತ್ತಿದ್ದೇವೆ. ಅವರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇದ್ದು, ಹೃದಯಕ್ಕೆ ಸ್ಟೆಂಟ್ ಹಾಕಿದೆ. ತಪ್ತಕುಂಡದಲ್ಲಿ ಸ್ನಾನ ಮಾಡಿಸಬಹುದೇ?
– ಓದುಗರು, ಹಾಸನ

ಉತ್ತರ: ಮೊದಲು ಅವರ ಹೃದ್ರೋಗ ವೈದ್ಯರ ಒಪ್ಪಿಗೆ ಪಡೆಯಿರಿ, ಏಕೆಂದರೆ ಬದರಿ ಇರುವುದು ಸುಮಾರು 3,100 ಮೀಟರ್ ಎತ್ತರದಲ್ಲಿ, ಅಲ್ಲಿ ಆಮ್ಲಜನಕ ಕಡಿಮೆ, ಹೃದಯಕ್ಕೆ ಆಗಲೇ ಹೆಚ್ಚಿನ ಕೆಲಸ. ತಪ್ತಕುಂಡದ ನೀರು ಸುಮಾರು 45 ಡಿಗ್ರಿ ಬಿಸಿಯಿರುತ್ತದೆ. ಕೊರೆಯುವ ಚಳಿಯಿಂದ ಅಂತಹ ನೀರಿಗೆ ಇಳಿದಾಗ ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ದಿಢೀರನೆ ಇಳಿಯುತ್ತದೆ; ನೀರಿನಿಂದ ಎದ್ದು ನಿಂತ ಕ್ಷಣದಲ್ಲಿ ತಲೆಸುತ್ತಿ ಬೀಳುವುದು ಹೀಗೆಯೇ. ಒತ್ತಡದ ಮಾತ್ರೆ, ಎದೆನೋವಿನ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಇನ್ನೂ ತೀವ್ರ. ಹಾಗೆಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಸಕ್ಕರೆ ಕಾಯಿಲೆ ಹಳೆಯದಾದವರ ಪಾದಗಳಿಗೆ ಬಿಸಿಯ ಅರಿವು ಕಡಿಮೆ. ಸುಟ್ಟು ಬೊಬ್ಬೆ ಬಂದರೂ ಅವರಿಗೆ ಗೊತ್ತಾಗುವುದಿಲ್ಲ, ಆ ಗಾಯ ಬೇಗ ಮಾಯುವುದೂ ಇಲ್ಲ. ಆದ್ದರಿಂದ ನೀರಿನ ಬಿಸಿಯನ್ನು ಪರೀಕ್ಷಿಸುವುದು ನಿಮ್ಮ ಮೊಣಕೈಯಾಗಿರಲಿ, ಅವರ ಪಾದವಲ್ಲ. ನನ್ನ ಸಲಹೆ ಕೇಳಿದರೆ ಅವರನ್ನು ಕುಂಡಕ್ಕೆ ಇಳಿಸಬೇಡಿ. ಬಕೆಟ್ಟಿನಲ್ಲಿ ನೀರು ತೆಗೆದು, ತಣ್ಣೀರು ಬೆರೆಸಿ, ಕೂರಿಸಿ ಸ್ನಾನ ಮಾಡಿಸಿ. ತೀರ್ಥಸ್ನಾನದ ಭಾವಕ್ಕೆ ಅದರಿಂದ ಕೊರತೆಯಾಗದು. ಗರ್ಭಿಣಿಯರು, ಅದರಲ್ಲೂ ಮೊದಲ ಮೂರು ತಿಂಗಳಲ್ಲಿ, ಬಹಳ ಬಿಸಿಯಾದ ನೀರಿನಲ್ಲಿ ಮುಳುಗಿ ಕೂರಬಾರದೆಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮದ್ಯ ಸೇವಿಸಿ ಬಿಸಿನೀರಿಗೆ ಇಳಿಯುವುದಂತೂ ಪ್ರಾಣಕ್ಕೇ ಅಪಾಯ.

ಪ್ರಶ್ನೆ: ಕೇರಳದಲ್ಲಿ ಮೆದುಳು ತಿನ್ನುವ ಅಮೀಬಾದ ಸುದ್ದಿ ಕೇಳಿ ಭಯವಾಗಿದೆ. ಬಿಸಿನೀರಿನ ಬುಗ್ಗೆಗಳಲ್ಲೂ, ನಮ್ಮ ಮಾಣಿಕ್ಯಧಾರೆ, ಕಲ್ಲತ್ತಿಗಿರಿಯಂತಹ ಜಾಗಗಳಲ್ಲೂ ಸ್ನಾನ ಮಾಡುವುದು ಸುರಕ್ಷಿತವೇ? ನಾನು ದಿನವೂ ಮೂಗಿನೊಳಗೆ ನೀರು ಹಾಯಿಸಿ ತೊಳೆಯುವ ಜಲನೇತಿ ಮಾಡುತ್ತೇನೆ.
– ಓದುಗರು, ತರೀಕೆರೆ

ಉತ್ತರ: ಈ ಅಮೀಬಾ ಬೆಚ್ಚಗಿನ ಸಿಹಿನೀರಿನಲ್ಲಿ ಬೆಳೆಯುತ್ತದೆ. ಕುಡಿದರೆ ಕಾಯಿಲೆ ಬರುವುದಿಲ್ಲ. ಮೂಗಿನ ಮೂಲಕ ನೀರು ಮೇಲೇರಿದಾಗ ಮಾತ್ರ ಅದು ಮೆದುಳನ್ನು ಮುಟ್ಟುತ್ತದೆ. ಇಂಗ್ಲೆಂಡಿನ ಬಾತ್ ಊರಿನ ಬುಗ್ಗೆನೀರಿನ ಕೊಳದಲ್ಲಿ ಈಜಿದ ಬಾಲಕಿಯೊಬ್ಬಳು 1978ರಲ್ಲಿ ಇದೇ ಸೋಂಕಿನಿಂದ ತೀರಿಕೊಂಡಳು. ರೋಮನ್ನರ ಕಾಲದಿಂದ ಹೆಸರಾದ ಆ ಸ್ನಾನಗೃಹಗಳನ್ನು ಮುಚ್ಚಬೇಕಾಯಿತು. ಸಾರ್ವಜನಿಕರು ಅಲ್ಲಿ ಮತ್ತೆ ಬುಗ್ಗೆನೀರಿನಲ್ಲಿ ಮೀಯುವಂತಾದದ್ದು 2006ರಲ್ಲಿ, ನೀರನ್ನು ಸಂಸ್ಕರಿಸುವ ಹೊಸ ಕಟ್ಟಡ ತೆರೆದ ಮೇಲೆ. ಸೋಂಕು ತೀರ ಅಪರೂಪ, ಆದರೆ ಬಂದರೆ ಬದುಕುಳಿಯುವವರು ಕಡಿಮೆ. ಆದ್ದರಿಂದ ಬುಗ್ಗೆಯ ಕೊಳಗಳಲ್ಲಿ ತಲೆ ಮುಳುಗಿಸಬೇಡಿ, ಧುಮುಕಬೇಡಿ.

ಮಾಣಿಕ್ಯಧಾರೆಯಂತಹ ತಣ್ಣನೆಯ ಹರಿಯುವ ನೀರಿನಲ್ಲಿ ಈ ಭಯ ಬಹಳ ಕಡಿಮೆ. ಮಲೆನಾಡಿನಲ್ಲಿ ನಾವು ಹೆಚ್ಚು ಎಚ್ಚರ ವಹಿಸಬೇಕಾದದ್ದು ಇಲಿಯ ಮೂತ್ರ ಬೆರೆತ ನೀರಿನಿಂದ ಹರಡುವ ಇಲಿಜ್ವರದ ಬಗ್ಗೆ. ಕಾಲಿನಲ್ಲಿ ಗಾಯವಿದ್ದಾಗ ನಿಂತ ನೀರಿಗೆ, ಕೆಸರಿಗೆ ಇಳಿಯಬೇಡಿ; ಇಳಿದ ಒಂದೆರಡು ವಾರಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ, ನೀರಿಗಿಳಿದ ಸಂಗತಿಯನ್ನೂ ತಿಳಿಸಿ.

ಜಲನೇತಿಯನ್ನು ಬಿಡಬೇಕಾಗಿಲ್ಲ. ಆದರೆ ನಲ್ಲಿಯ, ಬಾವಿಯ ಅಥವಾ ತೊಟ್ಟಿಯ ನೀರನ್ನು ನೇರವಾಗಿ ಬಳಸುವುದನ್ನು ಇಂದಿನಿಂದಲೇ ನಿಲ್ಲಿಸಿ. ನೀರನ್ನು ಕನಿಷ್ಠ ಒಂದು ನಿಮಿಷ ಕೊತಕೊತ ಕುದಿಸಿ, ಮುಚ್ಚಿಟ್ಟು ಉಗುರುಬೆಚ್ಚಗಾಗುವವರೆಗೆ ಆರಿಸಿ, ಉಪ್ಪು ಬೆರೆಸಿ ಬಳಸಿ. ನೇತಿಯ ಪಾತ್ರೆಯನ್ನೂ ಕುದಿಸಿದ ನೀರಿನಲ್ಲೇ ತೊಳೆದು ಒಣಗಿಸಿಡಿ.